ಕಡಲ ದಂಡೆಗೆ ಗಾಲಿ ಮನೆ: ಮೊದಲು ನೀರಿನ ಲೆಕ್ಕ ಹಾಕಿ

ಬೆಳಗ್ಗೆ ಎದ್ದು ಗಾಡಿಯ ಬಾಗಿಲು ತೆಗೆದರೆ ಎದುರಿಗೇ ಅಲೆ. ಮನೆಮಂದಿಯನ್ನೆಲ್ಲ ಆರ್‌ವಿಯಲ್ಲಿ, ಅಂದರೆ ಮಲಗಲು, ಅಡುಗೆಗೆ, ಸ್ನಾನಕ್ಕೆ ಒಳಗೇ ಜಾಗ ಇರುವ ಗಾಡಿಯಲ್ಲಿ ಕೂರಿಸಿಕೊಂಡು ಕಡಲಿಗೆ ಹೊರಡುವವರ ತಲೆಯಲ್ಲಿ ಇರುವ ಚಿತ್ರ ಇದೇ. ನಮ್ಮ ತಲೆಯಲ್ಲೂ ಇದೇ ಇತ್ತು. ಎರಡನೇ ದಿನ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಫುಸ್ ಅಂತ ಗಾಳಿ ಬಂತು. ಪಂಪ್ ಮಾತ್ರ ಟರ್ ಟರ್ ಅಂತ ಓಡುತ್ತಲೇ ಇತ್ತು. ತಲೆತುಂಬ ಶ್ಯಾಂಪೂ ನೊರೆ ಹಚ್ಚಿಕೊಂಡ ಮಗಳು ಒಳಗಿನಿಂದ ಕೂಗುತ್ತಿದ್ದಳು. ಹೊರಗೆ, ಕಣ್ಣು ಹಾಯುವಷ್ಟು ದೂರ ಬರೀ ನೀರು!

ಆಗಿದ್ದು ಇಷ್ಟೇ. ಮರಳು ಮೆತ್ತಿದ ಕಾಲು ತೊಳೆಯಲು ಮಕ್ಕಳು ಪ್ರತಿ ಸಲವೂ ಶವರ್ ಬಿಟ್ಟುಕೊಂಡಿದ್ದರು. ಬೇಡ ಅಂತ ನಾವೂ ಹೇಳಿರಲಿಲ್ಲ. ಆ ಪ್ರವಾಸದ ನಂತರ ನಾನು ಯೋಜನೆ ಶುರು ಮಾಡುವುದೇ ನೀರಿನಿಂದ. ಟ್ಯಾಂಕಿನಲ್ಲಿರುವ ನೀರು, ಬಳಸಿ ಬಿಟ್ಟ ನೀರು, ಏರಿ ಇಳಿಯುವ ಕಡಲ ನೀರು, ಗಾಳಿಯಲ್ಲಿ ತೂರಿಬರುವ ಉಪ್ಪು ನೀರು. ಇಷ್ಟರ ಅಂದಾಜು ಸಿಕ್ಕಿದರೆ ಉಳಿದದ್ದು ಹೊಂದಿಕೊಳ್ಳುತ್ತದೆ.

ಹೆಜ್ಜೆ 1: ತಾರೀಖಿಗೆ ಮುಂಚೆ ಉಬ್ಬರ-ಇಳಿತ ನೋಡಿ

ಹೆಚ್ಚಿನ ಕಡಲತೀರಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಗ್ಗೆ 9ಕ್ಕೆ ನೀರು ಏರಿದರೆ ನಾಳೆ 9.50ರ ಹೊತ್ತಿಗೆ ಏರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ತುಂಬ ಮೇಲಕ್ಕೆ ಬರುತ್ತದೆ, ತುಂಬ ಕೆಳಕ್ಕೂ ಹೋಗುತ್ತದೆ. ಅರ್ಧ ಚಂದ್ರ ಕಾಣುವ ದಿನಗಳಲ್ಲಿ ಈ ಏರಿಳಿತ ಕಡಿಮೆ.

ಇದನ್ನು ತಿಳಿದು ಏನು ಮಾಡಬೇಕು? ಚಿಕ್ಕ ಮಕ್ಕಳಿದ್ದರೆ ಅರ್ಧ ಚಂದ್ರನ ವಾರ ಒಳ್ಳೆಯದು. ದಿನವಿಡೀ ಆಡಲು ಒಂದಿಷ್ಟು ದಂಡೆ ಉಳಿದಿರುತ್ತದೆ. ಕಪ್ಪೆಚಿಪ್ಪು ಆರಿಸುವ, ಬಂಡೆ ಸಂದಿಯ ಏಡಿ ನೋಡುವ ಆಸೆ ಇದ್ದರೆ ಹುಣ್ಣಿಮೆಯ ಹತ್ತಿರದ ದಿನ ಹಿಡಿದು, ಇಳಿತದ ಹೊತ್ತಿಗೆ ಹೋಗಿ. ಬರೀ ಊರಿನ ಹವಾಮಾನ ನೋಡಿ ಹೊರಡಬೇಡಿ. ಆ ತೀರದ ಉಬ್ಬರ-ಇಳಿತದ ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ದಂಡೆ ಮುಟ್ಟಿದ ಮೇಲೆ ಪಟ್ಟಿ ಇಲ್ಲದೆಯೂ ಓದಬಹುದಾದ ಗುರುತು ಒಂದಿದೆ. ಒಣಗಿದ ಕಡಲಪಾಚಿ, ಕಡ್ಡಿ, ಚಿಪ್ಪುಗಳೆಲ್ಲ ಸೇರಿ ಮರಳಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ ಹಾಗಿರುತ್ತದೆ. ಈಚಿನ ಉಬ್ಬರ ಬಂದು ನಿಂತ ಜಾಗ ಅದು. ಅದರ ಕೆಳಗೆ ಚಪ್ಪಲಿ ಕೂಡ ಬಿಡಬೇಡಿ.

ಹೆಜ್ಜೆ 2: ಗಾಡಿ ಎಷ್ಟು ಹೊರುತ್ತದೆ?

ಬಾಡಿಗೆಗೆ ತೆಗೆದುಕೊಳ್ಳುವಾಗ ಹಾಸಿಗೆ ಎಣಿಸುತ್ತೇವೆ. ಎಣಿಸಬೇಕಾದ್ದು ಸೀಟ್ ಬೆಲ್ಟ್. ಆರು ಜನ ಮಲಗುವ ಗಾಡಿಯಲ್ಲಿ ನಾಲ್ಕೇ ಬೆಲ್ಟ್ ಇರಬಹುದು. ಗಾಡಿ ಓಡುವಾಗ ಹಿಂದಿನ ಹಾಸಿಗೆಯಲ್ಲಿ ಮಕ್ಕಳನ್ನು ಮಲಗಿಸುವುದು ಬೇಡವೇ ಬೇಡ.

ಇನ್ನೊಂದು ತೂಕ. ಗಾಡಿ ಗರಿಷ್ಠ ಎಷ್ಟು ತೂಕದವರೆಗೆ ಓಡಬಹುದು ಅಂತ ಒಂದು ಫಲಕದಲ್ಲಿ ಬರೆದಿರುತ್ತಾರೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದರಲ್ಲಿ ಜನ, ಸಾಮಾನು, ಗ್ಯಾಸ್, ನೀರು ಎಲ್ಲವೂ ಸೇರಬೇಕು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. 100 ಲೀಟರ್ ಟ್ಯಾಂಕ್ ತುಂಬಿಸಿದರೆ ಒಂದು ಕ್ವಿಂಟಲ್ ಹೇರಿದಂತೆ. ಹೋಗುವ ಕಡೆ ನಲ್ಲಿ ಇದೆ ಅಂತ ಖಚಿತವಾದರೆ ದಾರಿಗೆ ಬೇಕಾದಷ್ಟೇ ತುಂಬಿಸಿ ಹೊರಡಿ. ಇಲ್ಲವಾದರೆ ಟ್ಯಾಂಕ್ ತುಂಬಿಸಿ, ಸಾಮಾನು ಕಡಿಮೆ ಮಾಡಿ.

ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆರ್‌ವಿ ಟೈರುಗಳು ಸವೆಯುವುದಕ್ಕಿಂತ ನಿಂತಲ್ಲೇ ನಿಂತು ಹಳೆಯದಾಗುವುದೇ ಜಾಸ್ತಿ, ಅದಕ್ಕೇ ಈ ಅಂಕಿ ನೋಡಬೇಕು. ಗಾಡಿಯ ಎತ್ತರವನ್ನು, ಮೇಲಿನ ಎಸಿ ಸೇರಿಸಿ, ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರು ಅಂಟಿಸಿ. ಕೆಳಸೇತುವೆ ಎದುರಿಗೆ ಬಂದಾಗ ನೆನಪು ಮಾಡಿಕೊಳ್ಳುವಷ್ಟು ಸಮಯ ಇರುವುದಿಲ್ಲ.

ದಾರಿಯ ಬಗ್ಗೆ ಆರ್‌ವಿಯವರ ನಡುವೆ ಒಂದು ಮೂರರ ಲೆಕ್ಕ ಚಾಲ್ತಿಯಲ್ಲಿದೆ: ದಿನಕ್ಕೆ 300 ಮೈಲಿಗಿಂತ ಜಾಸ್ತಿ ಓಡಿಸಬೇಡಿ, ಮಧ್ಯಾಹ್ನ 3ರೊಳಗೆ ಸೇರಿಕೊಳ್ಳಿ, ಕನಿಷ್ಠ 3 ದಿನ ಅಲ್ಲೇ ಇರಿ. 300 ಮೈಲಿ ಅಂದರೆ ಸುಮಾರು 480 ಕಿಲೋಮೀಟರ್. ಮಕ್ಕಳಿದ್ದರೆ ನಾನು ಅದರ ಅರ್ಧಕ್ಕೇ ನಿಲ್ಲಿಸುತ್ತೇನೆ. ಆದರೆ 3 ಗಂಟೆಯ ಮಾತು ಅಪ್ಪಟ ಸತ್ಯ. ಕತ್ತಲಲ್ಲಿ, ಹಸಿದ ಮಕ್ಕಳನ್ನು ಇಟ್ಟುಕೊಂಡು, ಹೊಸ ಜಾಗದಲ್ಲಿ ಗಾಡಿ ರಿವರ್ಸ್ ತೆಗೆಯುವ ಕಷ್ಟ ಯಾರಿಗೂ ಬೇಡ.

ಹೆಜ್ಜೆ 3: ಮೊದಲ ಸಾಲು ಬಿಟ್ಟುಕೊಡಿ

ಕ್ಯಾಂಪ್‌ಸೈಟ್ ಬುಕ್ ಮಾಡುವಾಗ ಎಲ್ಲರಿಗೂ ಕಡಲಿಗೆ ಅಂಟಿದ ಮೊದಲ ಸಾಲೇ ಬೇಕು. ನನಗೆ ಎರಡನೆಯದೋ ಮೂರನೆಯದೋ ಸಾಕು. ಮುಂದೆ ಮರಳುದಿಬ್ಬವೋ ಮರದ ಸಾಲೋ ಇದ್ದರೆ ಗಾಳಿ ತಡೆಯುತ್ತದೆ, ಉಪ್ಪು ತಡೆಯುತ್ತದೆ, ಅನ್ನದ ತಟ್ಟೆಗೆ ಮರಳು ಬೀಳುವುದಿಲ್ಲ. ಅಲೆಯ ಸದ್ದು ಅಲ್ಲಿಗೂ ಕೇಳುತ್ತದೆ. ನಡೆದರೆ ಎರಡು ನಿಮಿಷ ಜಾಸ್ತಿ, ಅಷ್ಟೇ ಅಲ್ವಾ?

ಗಾಡಿಯನ್ನು ಮರಳಿಗೆ ಇಳಿಸಲೇಬೇಡಿ. ಗಟ್ಟಿ ಕಾಣುವ ಒದ್ದೆ ಮರಳೂ ಮೂರು-ನಾಲ್ಕು ಟನ್ ಭಾರಕ್ಕೆ ಕುಸಿಯುತ್ತದೆ. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಚಕ್ರದ ಮುಂದಿನ ಮರಳು ತೋಡಿ, ಹಲಗೆ ಕೊಟ್ಟು, ಟೈರಿನ ಗಾಳಿ ಸ್ವಲ್ಪ ಇಳಿಸಿ ನಿಧಾನಕ್ಕೆ ತೆಗೆಯಿರಿ. ಉಬ್ಬರ ಏರುವ ಹೊತ್ತಾಗಿದ್ದರೆ ನಿಮ್ಮ ಕೈಯಲ್ಲೇ ಆಗಲಿ ಅಂತ ಕಾಯಬೇಡಿ, ಕೂಡಲೇ ಟ್ರ್ಯಾಕ್ಟರ್ ಇರುವವರನ್ನು ಕರೆಯಿರಿ. ಮರಳುದಿಬ್ಬದ ಮೇಲಿನ ಹುಲ್ಲು-ಬಳ್ಳಿ ತುಳಿಯಬೇಡಿ. ದಿಬ್ಬ ಜಾರದಂತೆ ಹಿಡಿದಿರುವುದು ಅವುಗಳ ಬೇರೇ. ಆಮೆ ಮೊಟ್ಟೆಯಿಡುವ ತೀರವಾದರೆ ರಾತ್ರಿ ಹೊರಗಿನ ದೀಪ ಆರಿಸಿ. ಮರಿಗಳು ಬೆಳಕಿನ ಕಡೆ ನಡೆಯುತ್ತವೆ, ಕಡಲಿನ ದಾರಿ ತಪ್ಪುತ್ತವೆ.

ನಿಲ್ಲಿಸುವಾಗ ಗಾಡಿಯ ಮೂತಿ ಗಾಳಿಗೆ ಎದುರಾಗಿರಲಿ. ಅಡ್ಡಕ್ಕೆ ನಿಲ್ಲಿಸಿದರೆ ರಾತ್ರಿಯಿಡೀ ತೊಟ್ಟಿಲು ತೂಗಿದ ಹಾಗಾಗುತ್ತದೆ. ಆಮೇಲೆ ಅಗಲ ಬಾಯಿಯ ಬಟ್ಟಲಲ್ಲಿ ಅರ್ಧ ನೀರು ಹಾಕಿ ಗಾಡಿಯೊಳಗಿನ ನೆಲದ ಮೇಲಿಡಿ. ನೀರು ಯಾವ ಅಂಚಿಗೆ ಏರುತ್ತದೋ ಆ ಕಡೆ ತಗ್ಗು, ಆ ಚಕ್ರದಡಿ ದಿಮ್ಮಿ ಕೊಡಿ. ಇದು ಬರೀ ನಿದ್ದೆಯ ಸುಖಕ್ಕಲ್ಲ. ಗ್ಯಾಸಿನಿಂದಲೂ ನಡೆಯುವ ಹಳೆ ಬಗೆಯ ಫ್ರಿಜ್ ವಾಲಿ ನಿಂತರೆ ಸರಿಯಾಗಿ ತಣ್ಣಗಾಗುವುದಿಲ್ಲ.

ಹೆಜ್ಜೆ 4: ಟ್ಯಾಂಕ್ ಇದ್ದಷ್ಟು ಸ್ನಾನ

ಈಗ ಅಸಲು ವಿಷಯ. ನಾಲ್ಕು ಜನ, ಮೂರು ದಿನ, 100 ಲೀಟರ್ ಟ್ಯಾಂಕ್ ಅಂತ ಇಟ್ಟುಕೊಳ್ಳೋಣ. ನಿಮಿಷಕ್ಕೆ 6 ಲೀಟರ್ ಸುರಿಯುವ ಶವರ್ ಕೆಳಗೆ ಒಬ್ಬರು 5 ನಿಮಿಷ ನಿಂತರೆ 30 ಲೀಟರ್ ಹೋಯಿತು. ನಾಲ್ಕನೆಯವರ ಸರದಿ ಮುಗಿಯುವ ಮುಂಚೆಯೇ ಟ್ಯಾಂಕ್ ಖಾಲಿ. ಅದೇ, ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಟ್ಟು ತೊಳೆದರೆ ಒಂದೂವರೆ ನಿಮಿಷ ಸಾಕು. ಒಬ್ಬರಿಗೆ 9, ನಾಲ್ವರಿಗೆ 36 ಲೀಟರ್. ಇದನ್ನೂ ಮೂರು ದಿನ ಮಾಡಿದರೆ 108 ಆಗುತ್ತದೆ, ಪಾತ್ರೆ ತೊಳೆಯಲು ತೊಟ್ಟೂ ಇಲ್ಲ! ಅಂದರೆ ಕ್ಯಾಂಪಿನ ಸ್ನಾನದ ಮನೆ ಬಳಸಬೇಕು, ಇಲ್ಲವೇ ನಡುವೆ ಒಂದು ಸಲ ಟ್ಯಾಂಕ್ ತುಂಬಿಸಬೇಕು. ಕುಡಿಯುವ ನೀರನ್ನು ಇದರಲ್ಲಿ ಸೇರಿಸಲೇಬೇಡಿ, ಬೇರೆ ಕ್ಯಾನಿನಲ್ಲಿ ಒಯ್ಯಿರಿ.

ಕಾಲು ತೊಳೆಯುವುದಕ್ಕೆ ನಮ್ಮ ಈಗಿನ ಏರ್ಪಾಡು ಹೀಗಿದೆ. ಬಾಗಿಲ ಹೊರಗೆ ಅಗಲವಾದ ಟಬ್ ಒಂದು. ಅದರಲ್ಲಿ ಕಡಲ ನೀರು. ಬಂದವರು ಅದರಲ್ಲಿ ಕಾಲಾಡಿಸಿ ಮರಳು ಬಿಡಿಸಬೇಕು. ಆಮೇಲೆ ಒಂದು ಚೊಂಬು ಸಿಹಿನೀರು, ಒಂದೇ ಒಂದು. ಕಾಲು ಒಣಗಿದ್ದರೆ ನೀರೇ ಬೇಡ, ಟಾಲ್ಕಂ ಪೌಡರ್ ಉದುರಿಸಿ ಬಟ್ಟೆಯಿಂದ ಒರೆಸಿ. ಪೌಡರ್ ತೇವ ಹೀರುತ್ತದೆ, ಮರಳು ಝರ್ ಅಂತ ಉದುರುತ್ತದೆ. ಈ ಕೆಲಸದ ಮೇಲ್ವಿಚಾರಣೆಯನ್ನು ಮನೆಯ ಅತಿ ಕಿರಿಯ ಸದಸ್ಯರಿಗೆ ಕೊಡಿ. ಅವರಷ್ಟು ಕಟ್ಟುನಿಟ್ಟು ಬೇರೆ ಯಾರೂ ಇರುವುದಿಲ್ಲ.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಬಚ್ಚಲು, ಸಿಂಕಿನ ನೀರು ಗ್ರೇ ಟ್ಯಾಂಕಿಗೆ, ಟಾಯ್ಲೆಟ್ಟಿನದು ಬ್ಲ್ಯಾಕ್ ಟ್ಯಾಂಕಿಗೆ. ಎಷ್ಟೋ ಗಾಡಿಗಳಲ್ಲಿ ಗ್ರೇ ಟ್ಯಾಂಕ್ ಸಿಹಿನೀರಿನ ಟ್ಯಾಂಕಿಗಿಂತ ಚಿಕ್ಕದು. ನೀರು ಉಳಿದಿದ್ದರೂ ಬಿಡಲು ಜಾಗ ಇರುವುದಿಲ್ಲ, ಕೊನೆಗೆ ಬಚ್ಚಲಲ್ಲೇ ಮೇಲೆ ಬರುತ್ತದೆ. ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ಖಾಲಿ ಮಾಡುವ ತನಕ ಮುಚ್ಚಿಯೇ ಇಡಿ. ತೆರೆದಿಟ್ಟರೆ ನೀರಷ್ಟೇ ಹರಿದುಹೋಗಿ ಗಟ್ಟಿಯದ್ದು ಒಳಗೇ ಗುಡ್ಡೆ ಕಟ್ಟುತ್ತದೆ. ಆ ಗುಡ್ಡೆ ಕರಗಿಸುವ ವಿಧಾನ ಇಲ್ಲಿ ಬರೆಯುವುದಿಲ್ಲ, ಊಟದ ಹೊತ್ತಲ್ಲಿ ಓದುವವರೂ ಇರಬಹುದು.

ಖಾಲಿ ಮಾಡುವುದು ಅದಕ್ಕೆಂದೇ ಇರುವ ಡಂಪ್ ಸ್ಟೇಷನ್ನಿನಲ್ಲಿ ಮಾತ್ರ, ಕೈಗವಸು ಹಾಕಿಕೊಂಡು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆಯುತ್ತದೆ. ಅಲ್ಲಿನ ತೊಳೆಯುವ ಪೈಪನ್ನು ಸಿಹಿನೀರು ತುಂಬಿಸಲು ಎಂದೂ ಬಳಸಬೇಡಿ. ಅದಕ್ಕೆ ಬೇರೆ ಬಣ್ಣದ ಪೈಪ್ ಇಟ್ಟುಕೊಳ್ಳಿ.

ಹೆಜ್ಜೆ 5: ಕರೆಂಟು, ಗ್ಯಾಸು

ಕ್ಯಾಂಪಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಈ ಮೊದಲ ಪ್ಯಾರಾ ಬಿಟ್ಟುಬಿಡಿ. ಇಲ್ಲದಿದ್ದರೆ ಲೆಕ್ಕ ಹೀಗೆ: 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಇರುತ್ತದೆ. ಲೆಡ್-ಆ್ಯಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಜಾಸ್ತಿ ಎಳೆಯಬಾರದು, ಅಂದರೆ 600. 25 ವ್ಯಾಟಿನ ಫ್ಯಾನ್ ರಾತ್ರಿ 8 ಗಂಟೆ ತಿರುಗಿದರೆ 200. 1,200 ವ್ಯಾಟಿನ ಎಸಿ ಹಾಕಿದರೆ ಅರ್ಧ ಗಂಟೆಗೆ ಮುಗಿಯಿತು. ಕಿಟಕಿ ತೆಗೆದು ಮಲಗಿ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿಯುತ್ತದೆ. ಅದು ಹೊರಹೋಗಲೆಂದೇ ನೆಲದಲ್ಲಿ ಕಂಡಿ ಕೊಟ್ಟಿರುತ್ತಾರೆ. ಮರಳು ಬರುತ್ತದೆ ಅಂತ ಮ್ಯಾಟ್ ಎಳೆದು ಅದನ್ನು ಮುಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯಾ ಅಂತ ಬಟನ್ ಒತ್ತಿ ನೋಡಿ. ಆ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಜನರೇಟರ್ ಹೊಗೆ ಕಿಟಕಿಯ ಕಡೆ ಬರುವ ಹಾಗೆ ಇಡಬೇಡಿ.

ಹೆಜ್ಜೆ 6: ಗಾಳಿಗೆ ತಯಾರಿ

ಗಾಡಿಯ ಪಕ್ಕಕ್ಕೆ ಚಾಚುವ ಚಪ್ಪರ ಇದೆಯಲ್ಲ, ಅದು ನೆರಳಿಗೆ ಇರುವುದು. ಬಿರುಗಾಳಿ ತಡೆಯಲು ಅಲ್ಲ. ದಂಡೆಗೆ ಹೊರಡುವಾಗ, ಮಲಗುವಾಗ ಸುತ್ತಿಡಿ. ಕಡಲತೀರದಲ್ಲಿ ಬೆಳಗ್ಗೆ ಎಲೆಯೂ ಅಲುಗದಿರಬಹುದು. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ಕಡಲಿನಿಂದ ಗಾಳಿ ಬೀಸತೊಡಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಹಾರಿಸುವಷ್ಟಾಗುತ್ತದೆ.

ಟೆಂಟಿನ ಸಾಮಾನ್ಯ ಗೂಟ ಮರಳಲ್ಲಿ ನಿಲ್ಲುವುದಿಲ್ಲ. ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳದ ಗುಂಡಿಯಲ್ಲಿ ಹೂತು, ಮೇಲೆ ಮರಳು ಎಳೆದು ತುಳಿಯಿರಿ. ಎಳೆದು ನೋಡಿ, ಅಲುಗುವುದಿಲ್ಲ.

ಹೆಜ್ಜೆ 7: ನೀರಿಗಿಳಿಯುವ ಮುಂಚೆ ಹತ್ತು ನಿಮಿಷ ಸುಮ್ನೆ ನಿಂತು ನೋಡಿ

ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅಲ್ಲಿ ಇಳಿಯಬೇಡಿ. ದಂಡೆಗೆ ಬಂದ ನೀರು ವಾಪಸ್ ಕಡಲಿಗೆ ಸೆಳೆದುಕೊಂಡು ಹೋಗುವ ದಾರಿ ಅದಿರಬಹುದು. ಹೊಸಬರು ಮಕ್ಕಳನ್ನು ಕರೆದುಕೊಂಡು ಹೋಗುವುದು ಅಲ್ಲಿಗೇ, ಅಲೆ ಇಲ್ಲ ಅಂತ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ನೇರ ಈಜಿ ದಣಿಯಬೇಡಿ. ಅದು ಹೊರಗೆ ಎಳೆಯುತ್ತದೆ, ಕೆಳಕ್ಕೆ ಎಳೆಯುವುದಿಲ್ಲ. ತೇಲಿಕೊಂಡು ಕೈ ಎತ್ತಿ ಕರೆಯಿರಿ, ಇಲ್ಲವೇ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬನ್ನಿ. ಕೆಂಪು-ಹಳದಿ ಬಾವುಟಗಳಿದ್ದರೆ ಅವುಗಳ ನಡುವೆಯೇ ಇಳಿಯಿರಿ, ಜೀವರಕ್ಷಕರ ಕಣ್ಣು ಅಲ್ಲಿರುತ್ತದೆ. ಬರೀ ಕೆಂಪು ಬಾವುಟ ಅಪಾಯದ ಗುರುತು.

ಗಾಳಿ ತುಂಬಿದ ಉಂಗುರ, ಬಾತುಕೋಳಿಗಳನ್ನು ಈಜುಕೊಳಕ್ಕೇ ಬಿಡಿ. ನೆಲದಿಂದ ಕಡಲಿನ ಕಡೆ ಗಾಳಿ ಇದ್ದರೆ ಮಗುವಿನ ಸಮೇತ ಹೊರಟುಬಿಡುತ್ತವೆ. ಎಲ್ಲರೂ ನೋಡುತ್ತಿದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತ. ಅರ್ಧ ಗಂಟೆಗೆ ಒಬ್ಬ ದೊಡ್ಡವರ ಸರದಿ. ಆಗ ಅವರ ಕೈಯಲ್ಲಿ ಫೋನ್ ಇರಬಾರದು.

ಹೆಜ್ಜೆ 8: ಹೊರಡುವ ಬೆಳಗ್ಗೆ

ಗ್ಯಾಸ್ ಬಂದ್, ಕೇಬಲ್ ಒಳಗೆ, ಛಾವಣಿಯ ಕಿಂಡಿ ಮುಚ್ಚಿದೆ, ಚಪ್ಪರ ಸುತ್ತಿದೆ, ಮೆಟ್ಟಿಲು ಮಡಚಿದೆ, ದಿಮ್ಮಿ ತೆಗೆದಾಯಿತು. ಪಟ್ಟಿ ಬರೆದು ಒಬ್ಬರು ಓದಲಿ, ಇನ್ನೊಬ್ಬರು ಮುಟ್ಟಿ ನೋಡಲಿ. ನೆನಪಿನಿಂದ ಮಾಡಿದರೆ ಒಂದಾದರೂ ಬಿಟ್ಟೇ ಹೋಗುತ್ತದೆ. ನಮ್ಮದು ಒಂದು ಸಲ ಮೆಟ್ಟಿಲು.

ಮನೆ ಮುಟ್ಟಿದ ಮೇಲೆ ಗಾಡಿಯ ತಳವನ್ನೂ ಸೇರಿಸಿ ಸಿಹಿನೀರಿನಲ್ಲಿ ತೊಳೆಯಬೇಕು, ಉಪ್ಪು ತುಕ್ಕು ಹಿಡಿಸುತ್ತದೆ. ಆದರೆ ಬಾಗಿಲ ಕೀಲು, ಮೆಟ್ಟಿಲು, ಸೈಕಲ್ ಚೈನ್ ಅಷ್ಟು ಹೊತ್ತು ಕಾಯುವುದು ಬೇಡ. ಟ್ಯಾಂಕಿನಲ್ಲಿ ಉಳಿದ ನೀರಿನಿಂದ ಅವನ್ನು ಅಲ್ಲೇ ತೊಳೆದುಬಿಡಿ. ಕಳೆದ ಸಲ ಎಲ್ಲ ತೊಳೆದ ಮೇಲೂ ನಮ್ಮಲ್ಲಿ ಸುಮಾರು 20 ಲೀಟರ್ ಮಿಕ್ಕಿತ್ತು. ಮಗಳು ಪೂರ್ತಿ ಮೂರು ನಿಮಿಷ, ನಲ್ಲಿ ನಿಲ್ಲಿಸದೆ, ತಲೆ ತೊಳೆದುಕೊಂಡಳು.