ಸಿಮ್ಯುಲಿಂಕ್‌ನಲ್ಲಿ ಬ್ಲಾಕ್ ಒಳಗೆ ಇನ್ನೊಂದು ಮಾಡೆಲ್ ಸೇರ್ಸೋದು ಹೇಗೆ

ಸಿಮ್ಯುಲಿಂಕ್‌ನಲ್ಲಿ (ಮ್ಯಾಟ್‌ಲ್ಯಾಬ್ ಜೊತೆ ಓಡೋ, ಬ್ಲಾಕ್ ಜೋಡ್ಸಿ ಗೆರೆ ಎಳೆದು ಸಿಮ್ಯುಲೇಶನ್ ಮಾಡೋ ಸಾಫ್ಟ್‌ವೇರು) ಮಾಡೆಲ್ ಸ್ವಲ್ಪ ದೊಡ್ಡದಾದ್ರೆ ಸಾಕು, ಸ್ಕ್ರೀನ್ ತುಂಬಾ ಗೆರೆಗಳು, ಯಾವ ಸಿಗ್ನಲ್ ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಬೆರಳಿಟ್ಟು ಹುಡುಕ್ಬೇಕು. ಅದಕ್ಕೇ ಭಾಗಭಾಗವಾಗಿ ಒಡೆದು, ಮೇಲಿನ ಮಟ್ಟದಲ್ಲಿ ಒಂದೊಂದು ಬ್ಲಾಕ್ ಇಟ್ಟು, ಒಳಗಿನ ವಿವರನೆಲ್ಲ ಬೇರೆ ಮಾಡೆಲ್‌ಗೆ ಹಾಕೋದು. ಉದಾಹರಣೆಗೆ ಎಲೆಕ್ಟ್ರಿಕ್ ಸ್ಕೂಟರ್ ಮಾಡೆಲ್ ತಗೊಳ್ಳಿ: ಮೇಲೆ ಕಂಟ್ರೋಲರ್, ಮೋಟರ್, ಬ್ಯಾಟರಿ ಅಂತ ಮೂರೇ ಬ್ಲಾಕ್, ಬ್ಯಾಟರಿ ಡಬಲ್ ಕ್ಲಿಕ್ ಮಾಡಿದ್ರೆ ಅದರದ್ದೇ ಫೈಲು ತೆರ್ಕೊಳ್ಳತ್ತೆ.

ಮೊದಲು ಯಾವ ಥರ ಸೇರ್ಸೋದು ಅಂತ ತೀರ್ಮಾನ ಆಗ್ಬೇಕು, ಯಾಕಂದ್ರೆ ಸಿಮ್ಯುಲಿಂಕ್‌ನಲ್ಲಿ ಒಂದಲ್ಲ ನಾಲ್ಕು ದಾರಿ ಇದೆ. ಬರೀ ಗೆರೆ ಕಮ್ಮಿ ಮಾಡ್ಬೇಕು ಅಂದ್ರೆ ಬ್ಲಾಕ್‌ಗಳನ್ನ ಸೆಲೆಕ್ಟ್ ಮಾಡಿ ಕಂಟ್ರೋಲ್ ಜಿ ಒತ್ತಿ, ಸಬ್‌ಸಿಸ್ಟಮ್ ಆಯ್ತು, ಅದು ಅದೇ ಫೈಲಲ್ಲೇ ಇರತ್ತೆ. ಚಿಕ್ಕ ಬ್ಲಾಕ್ ಹತ್ತು ಕಡೆ ಬೇಕು ಅಂದ್ರೆ ಲೈಬ್ರರಿಗೆ ಹಾಕಿ ಲಿಂಕ್ ಮಾಡಿ. 2019ರ ಬಿ ರಿಲೀಸ್‌ನಿಂದ ಸಬ್‌ಸಿಸ್ಟಮ್ ರೆಫರೆನ್ಸ್ ಅಂತಾನೂ ಬಂದಿದೆ, ಇದು ಬೇರೆ ಫೈಲಲ್ಲಿ ಇರತ್ತೆ ಆದ್ರೆ ಅದಕ್ಕೆ ತನ್ನದೇ ಸಾಲ್ವರ್ (ಹೆಜ್ಜೆಹೆಜ್ಜೆಯಾಗಿ ಲೆಕ್ಕ ಮಾಡೋ ಭಾಗ) ಸೆಟ್ಟಿಂಗ್ ಎಲ್ಲ ಇರಲ್ಲ. ಪೂರ್ತಿ ಸ್ವತಂತ್ರವಾಗಿ ಓಡ್ಸಿ ಟೆಸ್ಟ್ ಮಾಡೋ ಹಾಗಿರ್ಬೇಕು, ಬೇರೆಯವರು ಅದರ ಮೇಲೆ ಕೆಲಸ ಮಾಡ್ತಾರೆ ಅಂದ್ರೆ ಮಾಡೆಲ್ ರೆಫರೆನ್ಸೇ, ಅಂದ್ರೆ ಬೇರೆ ಮಾಡೆಲ್ ಫೈಲನ್ನ ಬ್ಲಾಕಾಗಿ ಕರ್ಕೊಳ್ಳೋದೇ, ಸರಿ, ಇಲ್ಲಿ ಹೇಳ್ತಿರೋದು ಅದನ್ನೇ. ಎಲ್ಲದಕ್ಕೂ ಮಾಡೆಲ್ ರೆಫರೆನ್ಸ್ ಹಾಕೋರೂ ಇದಾರೆ, ನಾಲ್ಕು ಬ್ಲಾಕ್ ಇರೋ ಫಿಲ್ಟರ್‌ಗೂ ಒಂದು ಫೈಲು! ಅಷ್ಟೆಲ್ಲ ಬೇಡ.

ಈಗ ಚೈಲ್ಡ್, ಅಂದ್ರೆ ಒಳಗೆ ಸೇರೋ ಮಾಡೆಲ್ ಮಾಡೋಣ; ಅದನ್ನ ಕರ್ಕೊಳ್ಳೋ ಮೇಲಿನ ಮಾಡೆಲ್ಲೇ ಪೇರೆಂಟ್. ಹೊಸ ಫೈಲು ತೆರೆದು ಒಳಗೆ ಬರೋ ಪ್ರತಿ ಸಿಗ್ನಲ್‌ಗೂ ಒಂದು ಇನ್‌ಪೋರ್ಟ್, ಹೊರಗೆ ಹೋಗೋದಕ್ಕೆ ಔಟ್‌ಪೋರ್ಟ್ ಇಡಿ, ಇವು ಮಾಡೆಲ್‌ನ ಮೇಲಿನ ಮಟ್ಟದಲ್ಲೇ ಇರ್ಬೇಕು, ಸಬ್‌ಸಿಸ್ಟಮ್ ಒಳಗೆ ಬಚ್ಚಿಟ್ರೆ ಲೆಕ್ಕಕ್ಕೆ ಬರಲ್ಲ. ಫೈಲ್ ಹೆಸರಲ್ಲಿ ಸ್ಪೇಸ್ ಬೇಡ, ಅಕ್ಷರದಿಂದ್ಲೇ ಶುರು ಆಗ್ಬೇಕು, 60 ಅಕ್ಷರಕ್ಕಿಂತ ಕಮ್ಮಿ ಇರ್ಬೇಕು. ಸೇವ್ ಮಾಡಿ. ಪೇರೆಂಟ್‌ಗೆ ಹೋಗಿ ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿ ಮಾಡೆಲ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಮಾಡೆಲ್ ಬ್ಲಾಕ್ ಬರತ್ತೆ, ಅದರ ಪ್ಯಾರಾಮೀಟರಲ್ಲಿ ಚೈಲ್ಡ್ ಫೈಲ್ ಹೆಸರು ಕೊಡಿ, ಪೋರ್ಟ್‌ಗಳು ತಾವಾಗೇ ಮೂಡ್ತವೆ. ಗೆರೆ ಎಳೆದು ಕಂಟ್ರೋಲ್ ಡಿ ಒತ್ತಿ, ತಪ್ಪಿದ್ರೆ ಅಲ್ಲೇ ಬೈಯತ್ತೆ. ಈಗಾಗ್ಲೇ ಸಬ್‌ಸಿಸ್ಟಮ್ ಇದ್ರೆ ಹೊಸದಾಗಿ ಮಾಡೋದು ಬೇಡ, ಅದನ್ನೇ ರೆಫರೆನ್ಸ್ ಮಾಡೆಲ್‌ಗೆ ಕನ್ವರ್ಟ್ ಮಾಡೋ ಅಡ್ವೈಸರ್ ಇದೆ. ಗೆರೆ ಎಳೀದೇ ಹೆಸರಿಂದ ಸಿಗ್ನಲ್ ಕಳ್ಸೋ ಗೋಟು ಫ್ರಮ್ ಟ್ಯಾಗ್‌ಗಳು ಮಾತ್ರ ಮಾಡೆಲ್‌ನ ಗಡಿ ದಾಟಲ್ಲ, ಅವನ್ನ ಪೋರ್ಟ್ ಮಾಡ್ಬೇಕು. ಮತ್ತೆ ಮಾಡೆಲ್ ತನ್ನನ್ನೇ ಕರ್ಕೊಳ್ಳೋ ಹಾಗಿಲ್ಲ, ಸುತ್ತು ಹಾಕ್ಕೊಂಡು ಬಂದು ಕರೆದ್ರೂ ಆಗಲ್ಲ.

ಇಷ್ಟು ಐದು ನಿಮಿಷದ ಕೆಲಸ. ತಲೆನೋವೆಲ್ಲ ಇರೋದು ಗಡಿಯಲ್ಲಿ. ಮಾಡೆಲ್ ಬ್ಲಾಕ್‌ನ ಪೋರ್ಟ್‌ಗಳು ಚೈಲ್ಡ್‌ನ ಪೋರ್ಟ್ ನಂಬರ್ ಪ್ರಕಾರ ಸಾಲಾಗಿ ಬರ್ತವೆ. ಯಾರೋ ಒಳಗೆ ಹೋಗಿ ಒಂದನೇದು ಎರಡನೇದು ಅದಲು ಬದಲು ಮಾಡಿದ್ರೆ ಮೇಲಿನ ಗೆರೆ ಇದ್ದಲ್ಲೇ ಇರತ್ತೆ, ವೋಲ್ಟೇಜ್ ಹೋಗಿ ಕರೆಂಟ್ ಪೋರ್ಟ್‌ಗೆ ಬೀಳತ್ತೆ, ಎರಡೂ ಡಬಲ್ ಟೈಪ್ (ಮಾಮೂಲಿ ದಶಮಾಂಶ ಸಂಖ್ಯೆ) ಆಗಿದ್ರೆ ಎರರ್ ಅಂತ ಒಂದಕ್ಷರ ಬರಲ್ಲ, ಗ್ರಾಫ್ ನೋಡಿ ಬ್ಯಾಟರಿ ಯಾಕೆ ಹಿಂಗಾಡ್ತಿದೆ ಅಂತ ನೀವು ಕೂತಿರ್ತೀರಿ. ಅದಕ್ಕೇ ಇನ್‌ಪೋರ್ಟ್‌ಗಳಲ್ಲಿ ಯೂನಿಟ್ ಅಂತ ಜಾಗ ಇದೆಯಲ್ಲ, ಅಲ್ಲಿ ವೋಲ್ಟು ಆಂಪಿಯರು ತುಂಬಿ, ಕಳ್ಸೋ ಕಡೆನೂ ತುಂಬಿ, ಆಗ ಹೊಂದದೇ ಇದ್ರೆ ವಾರ್ನಿಂಗ್ ಕೊಡತ್ತೆ. ಡೇಟಾ ಟೈಪು, ಸ್ಯಾಂಪಲ್ ಟೈಮು (ಎಷ್ಟು ಹೊತ್ತಿಗೊಮ್ಮೆ ಲೆಕ್ಕ ಅನ್ನೋದು) ಕೂಡ ಪೋರ್ಟಲ್ಲೇ ಬರೆದಿಡಿ. ಸಿಗ್ನಲ್ ಜಾಸ್ತಿ ಆದ್ರೆ ಒಟ್ಟಿಗೆ ಕಟ್ಟಿ ಬಸ್ ಮಾಡಿ, ಅದರ ರಚನೆ ಹೇಳೋ ಬಸ್ ಆಬ್ಜೆಕ್ಟ್‌ನ ಡೇಟಾ ಡಿಕ್ಷನರಿಯಲ್ಲಿ (ಮಾಡೆಲ್‌ಗಳು ಹಂಚ್ಕೊಳ್ಳೋ ಫೈಲು) ಇಟ್ರೆ ಎರಡು ಕಡೆಯೂ ಅದನ್ನೇ ನೋಡ್ತವೆ.

ಸಾಲ್ವರ್ ವಿಷಯ: ಮೇಲಿನದು ಫಿಕ್ಸೆಡ್ ಸ್ಟೆಪ್ (ಒಂದೇ ಅಳತೆಯ ಸಮಯದ ಹೆಜ್ಜೆ) ಇದ್ದು ಕೆಳಗಿನದು ವೇರಿಯಬಲ್ ಸ್ಟೆಪ್ (ಹೆಜ್ಜೆ ಬದ್ಲಾಗೋದು) ಇದ್ರೆ ಒಪ್ಪಲ್ಲ. ಒಂದೊಂದೇ ಫೈಲು ತೆರೆದು ತಿದ್ದೋ ಬದ್ಲು ಒಂದೇ ಕಾನ್ಫಿಗರೇಶನ್ ಸೆಟ್ (ಈ ಸೆಟ್ಟಿಂಗ್‌ಗಳ ಕಟ್ಟು) ಡಿಕ್ಷನರಿಯಲ್ಲಿಟ್ಟು ಎಲ್ಲ ಮಾಡೆಲಿಂದ್ಲೂ ಅದಕ್ಕೇ ರೆಫರೆನ್ಸ್ ಕೊಡಿ.

ಒಂದೇ ಚೈಲ್ಡ್‌ನ ಎರಡು ಸಲ ಬಳಸೋದು ನಂಗೆ ಇಷ್ಟವಾದ ಭಾಗ. ಸ್ಕೂಟರಲ್ಲಿ ಎರಡು ಬ್ಯಾಟರಿ ಪ್ಯಾಕ್, ಒಂದು 40 ಆಂಪಿಯರ್ ಅವರ್, ಇನ್ನೊಂದು 30 ಅಂತಿಟ್ಕೊಳ್ಳಿ. ಕಾಪಿ ಮಾಡಿ ಎರಡು ಫೈಲು ಮಾಡ್ಬೇಡಿ ದಯವಿಟ್ಟು. ಚೈಲ್ಡ್‌ನ ಮಾಡೆಲ್ ವರ್ಕ್‌ಸ್ಪೇಸಲ್ಲಿ (ಆ ಮಾಡೆಲ್‌ನ ಸ್ವಂತ ವೇರಿಯಬಲ್‌ಗಳ ಜಾಗ) ಕೆಪಾಸಿಟಿ ಅಂತ ಒಂದು ವೇರಿಯಬಲ್ ಮಾಡಿ, ಮಾಡೆಲ್ ಎಕ್ಸ್‌ಪ್ಲೋರರಲ್ಲಿ ಅದರ ಮುಂದೆ ಆರ್ಗ್ಯುಮೆಂಟ್ ಅಂತಿರೋದಕ್ಕೆ ಟಿಕ್ ಹಾಕಿ, ಆಮೇಲೆ ಮೇಲೆ ಎರಡು ಮಾಡೆಲ್ ಬ್ಲಾಕ್ ಇಟ್ಟು ಒಂದಕ್ಕೆ 40 ಇನ್ನೊಂದಕ್ಕೆ 30 ಕೊಡಿ. ಎರಡರ ಚಾರ್ಜ್ ಸ್ಥಿತಿನೂ ಬೇರೆಬೇರೆಯಾಗೇ ಓಡತ್ತೆ. ಪೇರೆಂಟ್‌ನ ಮಾಡೆಲ್ ವರ್ಕ್‌ಸ್ಪೇಸಲ್ಲಿ ಇರೋ ವೇರಿಯಬಲ್ ಚೈಲ್ಡ್‌ಗೆ ಕಾಣಲ್ಲ ಅನ್ನೋದು ನೆನಪಿರ್ಲಿ, ಶುರುವಲ್ಲಿ ಇದರಲ್ಲಿ ಎಡವದವರೇ ಇಲ್ಲ.

ಬ್ಲಾಕ್ ಮೂಲೆಗಳಲ್ಲಿ ಪುಟ್ಟ ತ್ರಿಕೋನ ಇರತ್ತೆ ನೋಡಿ, ಖಾಲಿ ಇದ್ರೆ ನಾರ್ಮಲ್ ಮೋಡ್, ತುಂಬಿದ್ರೆ ಆಕ್ಸಿಲರೇಟರ್. ಆಕ್ಸಿಲರೇಟರಲ್ಲಿ ಚೈಲ್ಡ್‌ನ ಕಂಪೈಲ್ ಮಾಡ್ಕೊಂಡು ಓಡ್ಸತ್ತೆ, ಮೊದಲ ಸಲ ಕಾಯ್ಬೇಕು. ಒಳಗಿನ ಸಿಗ್ನಲ್ ನೋಡೋವಾಗ ನಾರ್ಮಲಲ್ಲೇ ಇಡಿ, ಎಲ್ಲ ಸರಿಹೋದ ಮೇಲೆ ಬದ್ಲಾಯ್ಸಿ.

ಇನ್ನು ನನ್ನ ಕಥೆ ಒಂದು. ಚೈಲ್ಡಲ್ಲಿ ರೆಸಿಸ್ಟೆನ್ಸ್ ಬದಲಾಯ್ಸಿ ಸೇವ್ ಮಾಡ್ತೀನಿ, ಓಡಿಸ್ತೀನಿ, ಗ್ರಾಫ್ ಕೂದಲೆಳೆಯಷ್ಟೂ ಅಲುಗಾಡಲ್ಲ. ಮಧ್ಯಾಹ್ನವಿಡೀ ಕಳೀತು, ಮ್ಯಾಟ್‌ಲ್ಯಾಬ್ ಮುಚ್ಚಿ ತೆಗೆದೆ, ಕಂಪ್ಯೂಟರ್ ಮರು ಚಾಲೂ ಮಾಡ್ದೆ, ಏನೂ ಇಲ್ಲ. ಕೊನೆಗೆ ನೋಡಿದ್ರೆ ಬ್ಯಾಕಪ್ ಅಂತ ನಾನೇ ಮಾಡಿಟ್ಟಿದ್ದ ಫೋಲ್ಡರಲ್ಲಿ ಅದೇ ಹೆಸರಿನ ಹಳೇ ಫೈಲು, ಪಾತ್‌ನಲ್ಲಿ (ಮ್ಯಾಟ್‌ಲ್ಯಾಬ್ ಫೈಲು ಹುಡುಕೋ ಫೋಲ್ಡರ್‌ಗಳ ಪಟ್ಟಿ) ಅದೇ ಮೊದಲು ಸಿಗ್ತಿತ್ತು. ಮಾಡೆಲ್ ಬ್ಲಾಕ್ ಹುಡುಕೋದು ಬರೀ ಹೆಸರಿಂದ, ಫೋಲ್ಡರಿಂದ ಅಲ್ಲ. ಅವತ್ತಿಂದ ಅನುಮಾನ ಬಂದ ತಕ್ಷಣ ಕಮಾಂಡ್ ವಿಂಡೋದಲ್ಲಿ ವಿಚ್ ಅಂತ ಟೈಪ್ ಮಾಡಿ ಚೈಲ್ಡ್ ಹೆಸರು ಹಾಕಿ, ಆಲ್ ಅನ್ನೋ ಆಪ್ಶನ್ ಸೇರ್ಸಿ ನೋಡ್ತೀನಿ, ಆ ಹೆಸರಿನ ಫೈಲು ಎಲ್ಲೆಲ್ಲಿದೆ ಅಂತ ಪೂರ್ತಿ ಪಟ್ಟಿ ಕೊಡತ್ತೆ, ಮೇಲಿರೋದೇ ಅದು ತಗೊಳ್ಳೋದು. ಬ್ಯಾಕಪ್ ಫೋಲ್ಡರ್‌ನ ಪಾತ್‌ನಿಂದ ಆಚೆ ಹಾಕಿ, ಫೈಲಿನ ಹಳೇ ಆವೃತ್ತಿಗಳನ್ನ ಕಾಪಾಡೋ ಗಿಟ್ ಶುರು ಮಾಡ್ದೆ.