ದೊಡ್ಡಪ್ಪ ಹುಬ್ಬಳ್ಳಿಯ ಲೆಕ್ಕಕ್ಕೆ ಸೇರಿದ್ದು

ನನ್ನ ಎಕ್ಸೆಲ್ ಹಾಳೆಯ ಪ್ರಕಾರ ಬಿಹಾರದಲ್ಲಿ ಜನ ಕಡಿಮೆ ಸಾಯುತ್ತಾರೆ, ಕೇರಳದಲ್ಲಿ ಜಾಸ್ತಿ ಸಾಯುತ್ತಾರೆ. ಮೊದಲ ವಾರದ ದುಡಿಮೆಯ ಫಲ ಇದು.

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವನು. ಒಮ್ಮೆ ತೆರಿಗೆಯ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಜಾಸ್ತಿ ತೆರಿಗೆ ಬರೋ ರಾಜ್ಯದಲ್ಲಿ ಜನ ಜಾಸ್ತಿ ದಿನ ಬದುಕ್ತಾರಾ?" ನೋಡಿ ಹೇಳ್ತೀನಿ ಅಂದೆ. ರಜೆಯಲ್ಲಿ ನೋಡಲು ಕೂತೆ.

ತೆರಿಗೆಯ ಅಂಕಿ ಸಿಗುವುದು ಕಷ್ಟವಲ್ಲ. ರಿಸರ್ವ್ ಬ್ಯಾಂಕ್ ಪ್ರತಿವರ್ಷ ಎಲ್ಲ ರಾಜ್ಯಗಳ ಬಜೆಟ್ ಅಂಕಿಗಳನ್ನು ಒಟ್ಟಿಗೆ ಪ್ರಕಟಿಸುತ್ತದೆ. ಆದರೆ ಅಲ್ಲಿ ಒಂದೇ ತೆರಿಗೆಗೆ ಮೂರು ಬಗೆಯ ಅಂಕಿ ಇರುತ್ತವೆ. ಒಂದು ನಿಜವಾಗಿ ಬಂದ ಹಣ, ಇನ್ನೊಂದು ಪರಿಷ್ಕೃತ ಅಂದಾಜು, ಮತ್ತೊಂದು ಬಜೆಟ್ ಅಂದಾಜು. ಬಜೆಟ್ ಅಂದಾಜು ಅಂದರೆ ಸರ್ಕಾರದ ಆಸೆ, ಅಷ್ಟೇ. ನಾನು ಅವಸರದಲ್ಲಿ ಕೆಲವು ರಾಜ್ಯಗಳಿಗೆ ಆಸೆಯನ್ನೂ ಕೆಲವಕ್ಕೆ ನಿಜವನ್ನೂ ಹಾಕಿದ್ದೆ. ಎರಡು ದಿನ ದಂಡ.

ಇನ್ನೊಂದು ಕಡೆ ಎಡವಿದೆ. ಬಿಹಾರದ ಸಾಲಿನಲ್ಲಿ ಅಬಕಾರಿ ಆದಾಯ ಇಲ್ಲವೇ ಇಲ್ಲ ಅನ್ನುವಷ್ಟಿತ್ತು. ಫೈಲ್ ಕೆಟ್ಟಿದೆ ಅಂದುಕೊಂಡು ಮತ್ತೆ ಇಳಿಸಿಕೊಂಡೆ. ಆಮೇಲೆ ನೆನಪಾಯಿತು, 2016ರ ಏಪ್ರಿಲ್‌ನಿಂದ ಅಲ್ಲಿ ಪಾನನಿಷೇಧ ಇದೆಯಲ್ಲ! ಕರ್ನಾಟಕದ ಕಥೆ ಬೇರೆ. 2023-24ರ ಬಜೆಟ್‌ನಲ್ಲಿ ಅಬಕಾರಿಯೊಂದರಿಂದಲೇ 36,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿದ್ದರು. ಕುಡಿಯುವ ಮದ್ಯ ಜಿಎಸ್‌ಟಿಯಿಂದ ಹೊರಗಿದೆ. ಹಾಗಾಗಿ ರಾಜ್ಯಗಳು ತಾವಾಗಿ ಏರಿಸಬಹುದಾದ ಕೆಲವೇ ತೆರಿಗೆಗಳಲ್ಲಿ ಅದೂ ಒಂದು. ಕೈ ಅಲ್ಲಿಗೇ ಹೋಗುತ್ತದೆ.

ಇನ್ನು ಸಾವಿನ ಅಂಕಿ. ಸಾವಿರ ಜನರಿಗೆ ವರ್ಷಕ್ಕೆ ಎಷ್ಟು ಸಾವು ಅನ್ನುವುದನ್ನು ಮೊದಲು ತೆಗೆದುಕೊಂಡೆ. 2020ರಲ್ಲಿ ಕೇರಳ 7.0, ಕರ್ನಾಟಕ 6.2, ಬಿಹಾರ 5.4. ಮೇಲೆ ಹೇಳಿದ ವಿಚಿತ್ರ ಹುಟ್ಟಿದ್ದು ಇಲ್ಲೇ. ಕೇರಳದಲ್ಲಿ ವಯಸ್ಸಾದವರು ಜಾಸ್ತಿ, ಬಿಹಾರದಲ್ಲಿ ಮಕ್ಕಳು ಜಾಸ್ತಿ. ಮುದುಕರು ಇರುವ ಮನೆಯಲ್ಲಿ ಸಾವು ಹೆಚ್ಚು, ಅದಕ್ಕೆ ಆ ಮನೆಯನ್ನು ಬೈಯಲಾಗುತ್ತದೆಯೇ? ಅರ್ಥಶಾಸ್ತ್ರದ ಮೇಷ್ಟ್ರಿಗೆ ಇದು ಮೊದಲೇ ಹೊಳೆಯಬೇಕಿತ್ತು. ನನ್ನ ಹೆಂಡತಿ ನರ್ಸ್. "ಮಕ್ಕಳ ಲೆಕ್ಕ ನೋಡ್ರೀ" ಅಂದಳು.

ಹಾಗಾಗಿ ಶಿಶು ಮರಣಕ್ಕೆ ಬಂದೆ. ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ಎಷ್ಟು ಸಾಯುತ್ತವೆ ಅನ್ನುವ ಲೆಕ್ಕ. ಅದೇ 2020ರಲ್ಲಿ ಕೇರಳ 6, ತಮಿಳುನಾಡು 13, ಕರ್ನಾಟಕ 19, ಮಧ್ಯಪ್ರದೇಶ 43, ಇಡೀ ದೇಶ 28. ಈಗ ಚಿತ್ರ ಸರಿಹೋಯಿತು ಅಂತ ಉಸಿರು ಬಿಟ್ಟೆ. ಆಗ ಹರಿಯಾಣ ಕಂಡಿತು. ಹರಿಯಾಣ 28, ಬಿಹಾರ 27! ಹರಿಯಾಣದ ಸ್ವಂತ ತೆರಿಗೆ ಬಿಹಾರಕ್ಕಿಂತ ಜಾಸ್ತಿ, ಜನ ಬಿಹಾರದ ಕಾಲು ಭಾಗದ ಆಸುಪಾಸು. ತಲೆಗೆ ಇಷ್ಟು ಅಂತ ಭಾಗಿಸಿದರೆ ಆಕಾಶ ಭೂಮಿಯ ಅಂತರ. ಸತ್ತ ಮಕ್ಕಳ ಲೆಕ್ಕದಲ್ಲಿ ಮಾತ್ರ ಇಬ್ಬರೂ ಅಕ್ಕಪಕ್ಕ.

ಬಿಹಾರ ನಡೆಯುವುದು ಸ್ವಂತ ತೆರಿಗೆಯಿಂದಲ್ಲ ಅನ್ನುವುದೂ ಇದೆ. ಕೇಂದ್ರ ತನ್ನ ತೆರಿಗೆಯಲ್ಲಿ ರಾಜ್ಯಗಳಿಗೆ ಒಂದು ಪಾಲು ಕೊಡುತ್ತದೆ. 15ನೇ ಹಣಕಾಸು ಆಯೋಗ 2021-26ಕ್ಕೆ ಮಾಡಿದ ಹಂಚಿಕೆಯಲ್ಲಿ ಆ ಪಾಲಿನಿಂದ ಬಿಹಾರಕ್ಕೆ ಶೇ. 10.058, ಹರಿಯಾಣಕ್ಕೆ ಶೇ. 1.093. ನಮಗೆ ಶೇ. 3.647. ಅಂದರೆ 'ರಾಜ್ಯದ ತೆರಿಗೆ ಆದಾಯ' ಅನ್ನುವಾಗ ಕೇಂದ್ರದ ಪಾಲು ಸೇರಿದೆಯೋ ಇಲ್ಲವೋ ಅಂತ ಮೊದಲೇ ನಿರ್ಧರಿಸಿಕೊಳ್ಳಬೇಕು. ನಾನು ಎರಡೂ ರೀತಿ ಮಾಡಿ ನೋಡಿದೆ. ಎರಡರಲ್ಲೂ ಹರಿಯಾಣ ಉಳಿದ ರಾಜ್ಯಗಳ ಸಾಲಿಗೆ ಬರಲಿಲ್ಲ.

ವರ್ಷದ ತೊಂದರೆಯೂ ಇದೆ. ತೆರಿಗೆ ಏಪ್ರಿಲ್‌ನಿಂದ ಮಾರ್ಚ್, ಸಾವು ಜನವರಿಯಿಂದ ಡಿಸೆಂಬರ್. ಸರ್ಕಾರಗಳ ಲೆಕ್ಕ ತಪಾಸಣೆ ಮಾಡುವ ಸಿಎಜಿ ತಿಂಗಳು ತಿಂಗಳಿನ ಲೆಕ್ಕ ಕೊಡುತ್ತದೆ, ಅದನ್ನು ಕೂಡಿ ಜನವರಿ ವರ್ಷ ಮಾಡಿಕೊಂಡೆ. ಬೇಸರದ ಕೆಲಸ.

ಇಷ್ಟಾದ ಮೇಲೆ ಜಿಲ್ಲೆಗೆ ಇಳಿಯೋಣ ಅನ್ನಿಸಿತು. ಅಲ್ಲಿ ನಿಜಕ್ಕೂ ಸಿಕ್ಕಿಕೊಂಡೆ.

ಮೇಲಿನ ದರಗಳೆಲ್ಲ ಎಸ್‌ಆರ್‌ಎಸ್ ಅನ್ನುವ ಮಾದರಿ ನೋಂದಣಿಯಿಂದ ಬಂದವು. ಆರಿಸಿದ ಊರುಗಳಲ್ಲಿ ಒಬ್ಬರು ವರ್ಷವಿಡೀ ಹುಟ್ಟು ಸಾವು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಇನ್ನೊಬ್ಬರು ಬೇರೆಯಾಗಿ ಮನೆ ಮನೆ ಕೇಳುತ್ತಾರೆ. ಆಮೇಲೆ ಎರಡನ್ನೂ ತಾಳೆ ನೋಡುತ್ತಾರೆ. ಅಲ್ಲಿ ಆ ಊರಿನ ವಾಸಿಗಳನ್ನೇ ಎಣಿಸುವುದು, ಅವರು ಎಲ್ಲಿ ಸತ್ತರೂ. ಒಳ್ಳೆಯ ಪದ್ಧತಿ, ಆದರೆ ಜಿಲ್ಲೆಯ ಅಂಕಿ ಸಿಗುವುದಿಲ್ಲ. ಜಿಲ್ಲೆ ಬೇಕಾದರೆ 1969ರ ಕಾಯ್ದೆಯ ಪ್ರಕಾರ ನಡೆಯುವ ಜನನ ಮರಣ ನೋಂದಣಿಗೇ ಹೋಗಬೇಕು. ಅದು ಸಾವು ಆದ ಜಾಗದಲ್ಲಿ ಆಗುತ್ತದೆ. ಓಡುವ ಗಾಡಿಯಲ್ಲಿ ಸತ್ತರೆ ಗಾಡಿ ಮೊದಲು ನಿಂತ ಊರಿನಲ್ಲಿ!

ನಮ್ಮದು ಶಿರಸಿ ಕಡೆ. ಉತ್ತರ ಕನ್ನಡದವರು ದೊಡ್ಡ ಆಸ್ಪತ್ರೆ ಕೊಡಿ ಅಂತ ವರ್ಷಗಟ್ಟಲೆ ಕೇಳುತ್ತಿದ್ದಾರೆ. ಅಲ್ಲಿಯವರೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ. ಅಲ್ಲಿ ಸತ್ತವರು ಅಲ್ಲಿಯ ಪುಸ್ತಕಕ್ಕೆ ಸೇರುತ್ತಾರೆ. ಆಸ್ಪತ್ರೆ ಇಲ್ಲದ ಜಿಲ್ಲೆ ಕಾಗದದ ಮೇಲೆ ಆರೋಗ್ಯವಾಗಿ ಕಾಣುತ್ತದೆ. ಆಸ್ಪತ್ರೆ ಇರುವ ಜಿಲ್ಲೆಯಲ್ಲಿ ಮಾರಿ ಹೊಕ್ಕಂತೆ.

ತೆರಿಗೆಯೂ ಹೀಗೇ, ಸ್ವಲ್ಪವೂ ಬೇರೆಯಲ್ಲ. ರಾಜ್ಯಕ್ಕೊಂದು ಜಿಎಸ್‌ಟಿ ನೋಂದಣಿ ಸಾಕು. ಬೆಂಗಳೂರಿನಲ್ಲಿ ಕಚೇರಿ ಇಟ್ಟ ಕಂಪನಿ ನಮ್ಮೂರಲ್ಲಿ ಮಾರಿದ ಸೋಪಿನ ತೆರಿಗೆಯನ್ನೂ ಆ ವಿಳಾಸದಲ್ಲೇ ಕಟ್ಟುತ್ತದೆ. ಅಬಕಾರಿ ಸುಂಕವಂತೂ ಬಾಟಲಿ ನಮ್ಮೂರ ಅಂಗಡಿಗೆ ಬರುವ ಮೊದಲೇ ಕಟ್ಟಿ ಆಗಿರುತ್ತದೆ. ದುಡ್ಡು ಕೊಟ್ಟವನು ಒಂದು ಊರಿನವನು, ಲೆಕ್ಕ ಇನ್ನೊಂದು ಊರಿನದು. ನನ್ನ ಜಿಲ್ಲಾವಾರು ಹಾಳೆ ಕೊನೆಗೆ ತೋರಿಸಿದ್ದು ಒಂದನ್ನೇ: ಯಾವ ಊರಲ್ಲಿ ದೊಡ್ಡ ಕಚೇರಿ ಇದೆ, ಯಾವ ಊರಲ್ಲಿ ದೊಡ್ಡ ಆಸ್ಪತ್ರೆ ಇದೆ. ಎರಡೂ ಒಂದೇ ಊರಲ್ಲಿದ್ದರೆ ತೆರಿಗೆ ಏರಿದ ಕಡೆ ಸಾವೂ ಏರುತ್ತದೆ. ಅದನ್ನು ಅಳಿಸಿ ಹಾಕಿದೆ.

ಹುಡುಗಿಗೆ ರಾಜ್ಯಗಳ ಹಾಳೆ ಮಾತ್ರ ತೋರಿಸಿದೆ. ಸುಮಾರಾಗಿ ಹೌದು, ಆದರೆ ಹರಿಯಾಣ ನೋಡು ಅಂದೆ. "ಹಾಗಾದ್ರೆ ದುಡ್ಡು ಎಲ್ಲಿ ಹೋಯ್ತು ಸರ್?" ಅಂದಳು. ಅದಕ್ಕೆ ಖರ್ಚಿನ ಹಾಳೆ ಬೇಕು. ಈಗ ಅದನ್ನು ಶುರುಮಾಡಿದ್ದೇನೆ.

ಜಿಲ್ಲೆಯ ಅಂಕಿಯನ್ನು ಸರಿಮಾಡಲು ದಾರಿಯೇ ಇಲ್ಲ ಅಂತಲ್ಲ. ಮರಣದ ವರದಿ ಫಾರಂನಲ್ಲಿ ಸತ್ತವರ ವಾಸದ ಊರು ಕೇಳುವ ಜಾಗ ಇದೆ. ಅದನ್ನು ಸರಿಯಾಗಿ ತುಂಬಿದರೆ ಶಿರಸಿಯವರು ಶಿರಸಿಗೆ ವಾಪಸ್ ಬರುತ್ತಾರೆ. ಇದನ್ನು ಓದಿ ಖುಷಿಯಾಗಿ, ಹೋದ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡ ದೊಡ್ಡಪ್ಪನ ಕಾಗದ ನೋಡೋಣ ಅಂತ ಅಣ್ಣನಿಗೆ ಫೋನ್ ಮಾಡಿದೆ.

"ವಾಸದ ಊರು ಅಂತ ಏನು ಬರೆಸಿದ್ದೆ?"

"ಹುಬ್ಬಳ್ಳಿ ರೂಮಿನ ಅಡ್ರೆಸ್ ಕೊಟ್ಟೆ ಮಾರಾಯ," ಅಂದ. "ಸರ್ಟಿಫಿಕೇಟಿಗೆ ಮತ್ತೆ ಅಲೆಯೋದು ಯಾರು ಅಂತ."