ಮಂಡಿ ಚೀಟಿಗೊಂದು ಎಪಿಐ: ಜಾವಾ, ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಟೊಮೆಟೊ ಹರಾಜು ನಡೆಯುವಾಗ ಒಮ್ಮೆ ಹೋಗಿ ನಿಂತು ನೋಡಿ. ಬಾಕ್ಸ್ ಇಳಿಯುತ್ತವೆ, ಹರಾಜು ಕೂಗುತ್ತಾರೆ, ರೇಟು ಕುದುರುತ್ತದೆ, ಮಂಡಿಯವರು ಚೀಟಿ ಬರೆದು ರೈತರ ಕೈಗೆ ಕೊಡುತ್ತಾರೆ. ಚೀಟಿಯಲ್ಲಿ ಇರುವುದು ನಾಲ್ಕೈದು ವಿಷಯ: ರೈತರ ಹೆಸರು, ಊರು, ಎಷ್ಟು ಬಾಕ್ಸ್, ಬಾಕ್ಸಿಗೆ ಎಷ್ಟು, ಯಾವ ವ್ಯಾಪಾರಿಗೆ ಹೋಯಿತು. ಜಾವಾದಲ್ಲಿ ಡೇಟಾಬೇಸ್ ಇರುವ ವೆಬ್ ಎಪಿಐ (ಫೋನಿನ ಆ್ಯಪ್ ಕೇಳಿದ್ದಕ್ಕೆ ಉತ್ತರ ಕೊಡುವ ಸರ್ವರ್ ಪ್ರೋಗ್ರಾಂ) ಕಟ್ಟುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಯಾಕೆಂದರೆ ಇಲ್ಲಿ ಒಂದು ಸಾಲು ತಪ್ಪಾದರೆ ಯಾರದೋ ಮೂರು ತಿಂಗಳ ಬೆಳೆಯ ದುಡ್ಡು ತಪ್ಪಾಗುತ್ತದೆ.

ಕೋಡ್ ಬರೆಯುವಾಗ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದಲು ಸುಲಭವಾಗಲಿ ಅಂತ ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ.

ಮೊದಲು ಸಾಮಾನು. ಜಾವಾದಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು ಸ್ಪ್ರಿಂಗ್ ಬೂಟ್, ಅದರ 3 ಅಥವಾ ಮೇಲಿನ ಆವೃತ್ತಿ ಬೇಕು, ಅದಕ್ಕೆ ಕನಿಷ್ಠ ಜಾವಾ 17 ಇರಲೇಬೇಕು. ಸ್ಪ್ರಿಂಗ್ ಇನಿಶಿಯಲೈಝರ್ ಸೈಟಿಗೆ ಹೋಗಿ ಐದು ಡಿಪೆಂಡೆನ್ಸಿ (ಜೊತೆಗೆ ಬೇಕಾದ ಲೈಬ್ರರಿ) ಆರಿಸಿ: ಸ್ಪ್ರಿಂಗ್ ವೆಬ್, ಸ್ಪ್ರಿಂಗ್ ಡೇಟಾ ಜೆಪಿಎ (ಜಾವಾ ಕ್ಲಾಸನ್ನು ಟೇಬಲಿಗೆ ಜೋಡಿಸುವುದು), ವ್ಯಾಲಿಡೇಶನ್ (ಬಂದ ಡೇಟಾ ಪರೀಕ್ಷಿಸುವುದು), ಪೋಸ್ಟ್‌ಗ್ರೆಸ್ ಡ್ರೈವರ್ (ಪೋಸ್ಟ್‌ಗ್ರೆಸ್ ನಮ್ಮ ಡೇಟಾಬೇಸ್), ಫ್ಲೈವೇ (ಎಸ್‌ಕ್ಯೂಎಲ್ ಫೈಲ್‌ಗಳಿಂದ ಟೇಬಲ್ ಕಟ್ಟುವುದು). ಜಿಪ್ ಇಳಿಸಿ ತೆರೆದರೆ ಪ್ರಾಜೆಕ್ಟ್ ರೆಡಿ. ಹಳೆಯ ಉದಾಹರಣೆಗಳಲ್ಲಿ ಇಂಪೋರ್ಟ್ ಸಾಲು ಜಾವಾಎಕ್ಸ್ ಪರ್ಸಿಸ್ಟೆನ್ಸ್ ಅಂತ ಇರುತ್ತದೆ. 2022ರ ನವೆಂಬರ್‌ನಲ್ಲಿ ಬೂಟ್ 3 ಬಂದಮೇಲೆ ಅದು ಜಕಾರ್ತಾ ಪರ್ಸಿಸ್ಟೆನ್ಸ್ ಆಗಿದೆ, ಆದ್ದರಿಂದ ಕಾಪಿ ಮಾಡಿದ ಕೋಡ್ ಕೆಂಪಾಗಿ ಕಂಡರೆ ಗಾಬರಿ ಬೇಡ, ಆ ಸಾಲು ಬದಲಿಸಿ ಸಾಕು.

ಈಗ ಜಾವಾ ಮುಟ್ಟಬೇಡಿ. ಮೊದಲು ಟೇಬಲ್. ತುಂಬಾ ಜನ ಎಂಟಿಟಿ ಕ್ಲಾಸ್ (ಒಂದು ಟೇಬಲಿಗೆ ಜೋಡಿಯಾದ ಜಾವಾ ಕ್ಲಾಸ್) ಬರೆದು, ಜೆಪಿಎ ಕೆಲಸವನ್ನು ಒಳಗೆ ಮಾಡುವ ಹೈಬರ್ನೇಟ್‌ನ ಡಿಡಿಎಲ್ ಆಟೋ ಸೆಟ್ಟಿಂಗನ್ನು ಅಪ್‌ಡೇಟ್ ಅಂತ ಇಟ್ಟು, ಟೇಬಲ್ ತಾನೇ ಹುಟ್ಟಲಿ ಅಂತ ಬಿಡುತ್ತಾರೆ. ಕಲಿಯುವಾಗ ಅದು ಚೆನ್ನಾಗೇ ಕಾಣುತ್ತದೆ. ಆದರೆ ಆ್ಯಪ್ ಇವತ್ತು ಜಾವಾದಲ್ಲಿದೆ, ನಾಳೆ ಇನ್ನೊಂದರಲ್ಲಿ ಇರಬಹುದು, ಚೀಟಿಯ ಲೆಕ್ಕ ಮಾತ್ರ ಡೇಟಾಬೇಸಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಹಾಗಾಗಿ ಕಾವಲು ಅಲ್ಲೇ ಇರಬೇಕು. ಡಿಡಿಎಲ್ ಆಟೋವನ್ನು ವ್ಯಾಲಿಡೇಟ್‌ಗೆ (ಟೇಬಲ್ ಕ್ಲಾಸಿಗೆ ಹೊಂದುತ್ತದೆಯಾ ಅಂತ ನೋಡುವುದಷ್ಟೇ) ಇಡಿ, ಟೇಬಲ್ ಕಟ್ಟುವ ಕೆಲಸ ಫ್ಲೈವೇಗೆ ಕೊಡಿ. ರಿಸೋರ್ಸಸ್ ಒಳಗಿನ ಡಿಬಿ/ಮೈಗ್ರೇಶನ್ ಫೋಲ್ಡರ್‌ನಲ್ಲಿ ವಿ1 ಅಂತ ಶುರುವಾಗುವ ಎಸ್‌ಕ್ಯೂಎಲ್ ಫೈಲ್ ಇಡಬೇಕು. ವಿ1 ಆದಮೇಲೆ ಅಂಡರ್‌ಸ್ಕೋರ್ ಎರಡು ಬರಬೇಕು, ಒಂದು ಹಾಕಿದರೆ ಫ್ಲೈವೇ ಅದನ್ನು ಓಡಿಸುವುದಿಲ್ಲ. ಒಮ್ಮೆ ಓಡಿದ ಫೈಲನ್ನು ಮತ್ತೆ ತಿದ್ದಬೇಡಿ, ಬದಲಾವಣೆ ಬೇಕಾದರೆ ವಿ2 ಬರೆಯಿರಿ.

ಟೇಬಲ್ ಮೂರು ಸಾಕು: ರೈತ, ಲಾಟ್ (ರೈತರು ಒಂದು ಸಲಕ್ಕೆ ತಂದ ಮಾಲು), ಚೀಟಿ. ಲಾಟ್‌ನಲ್ಲಿ ಬಂದ ಬಾಕ್ಸ್ ಎಷ್ಟು, ಉಳಿದದ್ದು ಎಷ್ಟು. ಚೀಟಿಯಲ್ಲಿ ಯಾವ ಲಾಟ್, ಎಷ್ಟು ಬಾಕ್ಸ್, ಏನು ರೇಟು, ಯಾವ ವ್ಯಾಪಾರಿ. ಉಳಿದ ಬಾಕ್ಸ್ ಸೊನ್ನೆಗಿಂತ ಕೆಳಗೆ ಹೋಗಬಾರದು ಅಂತ ಚೆಕ್ ಕನ್‌ಸ್ಟ್ರೇಂಟ್ (ಡೇಟಾಬೇಸೇ ಕಾಯುವ ನಿಯಮ) ಹಾಕಿ. ರೈತ ಇಲ್ಲದೆ ಲಾಟ್ ಇರಬಾರದು, ಅದಕ್ಕೆ ಫಾರಿನ್ ಕೀ.

ರೇಟಿನ ಕಾಲಂ ಬಗ್ಗೆ ಸ್ವಲ್ಪ ನಿಲ್ಲೋಣ. ಬೆಲೆ ಬಿದ್ದಾಗ ಟೊಮೆಟೊ ರಸ್ತೆಗೆ ಸುರಿದದ್ದನ್ನು ನಮ್ಮ ಜಿಲ್ಲೆಯವರು ಎಲ್ಲರೂ ನೋಡಿದ್ದಾರೆ. ಅಂಥ ದಿನಗಳನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ನ್ಯೂಮೆರಿಕ್ (5,2), ಅಂದರೆ ಒಟ್ಟು ಐದು ಅಂಕಿ, ಅದರಲ್ಲಿ ಎರಡು ದಶಮಾಂಶಕ್ಕೆ, ಅಂತ ಕಾಲಂ ಮಾಡಿದರೆ 999.99ಕ್ಕೆ ಅದರ ಮಿತಿ ಮುಗಿಯಿತು. 2023ರ ಜುಲೈನಲ್ಲಿ ಇಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು, ಅವತ್ತು ಅಂಥ ಕಾಲಂ ಇದ್ದಿದ್ದರೆ ಆ ರೇಟಿನ ಒಂದು ಚೀಟಿಯೂ ಸೇವ್ ಆಗುತ್ತಿರಲಿಲ್ಲ. (10,2) ಇಡಿ. ಜಾವಾ ಕಡೆ ಡಬಲ್ (ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ಬಗೆ) ಬೇಡವೇ ಬೇಡ. ಡಬಲ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ದುಡ್ಡಿನ ಲೆಕ್ಕಕ್ಕೆ ಅದು ಆಗಿಬರುವುದಿಲ್ಲ. ಬಿಗ್‌ಡೆಸಿಮಲ್ ಬಳಸಿ, ಹೋಲಿಸುವಾಗ ಈಕ್ವಲ್ಸ್ ಬಿಟ್ಟು ಕಂಪೇರ್‌ಟು ಬಳಸಿ, ಇಲ್ಲದಿದ್ದರೆ 250.0 ಮತ್ತು 250.00 ಬೇರೆ ಬೇರೆ ಅನ್ನುತ್ತದೆ.

ಹೆಸರಿನ ಕಾಲಂ ಕೂಡ ಹಾಗೇ. ಶ್ರೀನಿವಾಸಪುರ ಅನ್ನುವುದರಲ್ಲಿ ನಮ್ಮ ಕಣ್ಣಿಗೆ ಆರೇ ಅಕ್ಷರ ಅಲ್ವಾ? ಡೇಟಾಬೇಸ್ ಎಣಿಸುವುದು 12. ಒತ್ತು, ಗುಣಿತ ಎಲ್ಲವೂ ಅದಕ್ಕೆ ಬೇರೆ ಬೇರೆ. ಕಾಲಂನ ಉದ್ದವನ್ನು 20ಕ್ಕೆ ಕಟ್ಟಿ ಹಾಕಿದರೆ ಉದ್ದ ಹೆಸರಿನ ರೈತರಿಗೆ ಚೀಟಿಯೇ ಸಿಗುವುದಿಲ್ಲ, ಸುಮ್ನೆ ಟೆಕ್ಸ್ಟ್ ಅಂತ ಇಡಿ. ಇನ್ನೊಂದು ಇದೆ. ಕೋಲಾರ ಪದದ ಮೊದಲಕ್ಷರದ ಓತ್ವ ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇರಬಹುದು, ತುಂಡು ತುಂಡು ಚಿಹ್ನೆ ಸೇರಿಯೂ ಆಗಬಹುದು. ನೋಡಲು ಒಂದೇ, ಹುಡುಕಿದರೆ ಸಿಗುವುದಿಲ್ಲ. ಸೇವ್ ಮಾಡುವ ಮೊದಲು ಮತ್ತು ಹುಡುಕುವ ಮೊದಲು ಜಾವಾದ ನಾರ್ಮಲೈಝರ್ ಕ್ಲಾಸಿನಲ್ಲಿ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಸೇರಿಸಿ ಒಂದೇ ಚಿಹ್ನೆ ಮಾಡುವ ರೂಪ) ತನ್ನಿ.

ಕನೆಕ್ಷನ್ ವಿಷಯ ಚಿಕ್ಕದು. ಅಪ್ಲಿಕೇಶನ್ ಪ್ರಾಪರ್ಟೀಸ್ ಫೈಲಿನಲ್ಲಿ ಡೇಟಾಸೋರ್ಸ್‌ನ ಯುಆರ್‌ಎಲ್, ಯೂಸರ್, ಪಾಸ್‌ವರ್ಡ್. ಪೋಸ್ಟ್‌ಗ್ರೆಸ್ ಪೋರ್ಟ್ 5432. ಪಾಸ್‌ವರ್ಡನ್ನು ಫೈಲಿನಲ್ಲಿ ಬರೆದು ಗಿಟ್‌ಗೆ ಹಾಕಬೇಡಿ, ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಓದಿಸಿ. ಉತ್ತರ ಕಳಿಸಿ ಮುಗಿಯುವವರೆಗೂ ಡೇಟಾಬೇಸ್ ಸೆಷನ್ ತೆರೆದೇ ಇಡುವ ಓಪನ್ ಇನ್ ವ್ಯೂ ಅನ್ನುವ ಸೆಟ್ಟಿಂಗ್ ತಾನಾಗಿ ಆನ್ ಇರುತ್ತದೆ, ಆಫ್ ಮಾಡಿ.

ಈಗ ಜಾವಾ. @ಎಂಟಿಟಿ ಕ್ಲಾಸ್ ಮೂರು, ಟೇಬಲಿನಿಂದ ಓದುವ, ಬರೆಯುವ ಜೆಪಿಎ ರೆಪಾಸಿಟರಿ ಇಂಟರ್ಫೇಸ್ ಮೂರು. ಎಂಟಿಟಿಗೆ ಖಾಲಿ ಕನ್‌ಸ್ಟ್ರಕ್ಟರ್ ಇರಲೇಬೇಕು. ಎನಂ (ಮೊದಲೇ ಗೊತ್ತುಮಾಡಿದ ಹೆಸರುಗಳ ಪಟ್ಟಿ) ಇದ್ದರೆ ಸ್ಟ್ರಿಂಗ್ ಆಗಿ ಉಳಿಸಲು ಹೇಳಿ. ಹೇಳದಿದ್ದರೆ 0, 1, 2 ಅಂತ ಉಳಿಸುತ್ತದೆ, ಆಮೇಲೆ ಮಧ್ಯದಲ್ಲಿ ಇನ್ನೊಂದು ಸೇರಿಸಿದ ದಿನ ಹಳೆಯ ಸಾಲುಗಳ ಅರ್ಥವೇ ಬದಲಾಗುತ್ತದೆ. ಎಂಟಿಟಿಯನ್ನು ನೇರವಾಗಿ ಹೊರಗೆ ಕಳಿಸಬೇಡಿ. ಬರುವುದಕ್ಕೊಂದು, ಹೋಗುವುದಕ್ಕೊಂದು ರೆಕಾರ್ಡ್ (ಡೇಟಾ ಹೊರುವ ಚಿಕ್ಕ ಜಾವಾ ಕ್ಲಾಸ್) ಬರೆಯಿರಿ. ಬರುವ ರೆಕಾರ್ಡಿನಲ್ಲಿ ಬಾಕ್ಸ್ ಸಂಖ್ಯೆಗೆ @ಪಾಸಿಟಿವ್, ವ್ಯಾಪಾರಿ ಹೆಸರಿಗೆ @ನಾಟ್‌ಬ್ಲಾಂಕ್ ಹಾಕಿ. ಕಂಟ್ರೋಲರ್‌ನಲ್ಲಿ (ಹೊರಗಿನಿಂದ ಬಂದ ವಿನಂತಿ ತೆಗೆದುಕೊಳ್ಳುವ ಕ್ಲಾಸ್) @ವ್ಯಾಲಿಡ್ ಮರೆತರೆ ಇವು ಸುಮ್ಮನೆ ಕೂರುತ್ತವೆ.

ಸರ್ವಿಸ್ ಕ್ಲಾಸಿನಲ್ಲಿ ನಿಜವಾದ ಕೆಲಸ. ಚೀಟಿ ಬರೆಯುವುದು, ಲಾಟ್‌ನಲ್ಲಿ ಉಳಿದ ಬಾಕ್ಸ್ ಕಡಿಮೆ ಮಾಡುವುದು, ಎರಡೂ ಒಟ್ಟಿಗೆ ಆಗಬೇಕು ಇಲ್ಲವೇ ಎರಡೂ ಆಗಬಾರದು, ಅದಕ್ಕೆ ಮೆಥಡ್ ಮೇಲೆ @ಟ್ರಾನ್ಸಾಕ್ಷನಲ್. ಅದೇ ಕ್ಲಾಸಿನ ಇನ್ನೊಂದು ಮೆಥಡ್‌ನಿಂದ ಇದನ್ನು ಕರೆದರೆ ಟ್ರಾನ್ಸಾಕ್ಷನ್ ಶುರುವಾಗುವುದಿಲ್ಲ, ಇದು ನೆನಪಿರಲಿ. ಇನ್ನು, ಲಾಟ್ ಓದಿ, ಜಾವಾದಲ್ಲಿ ಕಳೆದು, ಮತ್ತೆ ಸೇವ್ ಮಾಡಬೇಡಿ. ಒಂದೇ ಲಾಟ್‌ಗೆ ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಚೀಟಿ ಬರೆದರೆ ಇಬ್ಬರಿಗೂ 40 ಬಾಕ್ಸ್ ಉಳಿದಿದೆ ಅಂತಲೇ ಕಾಣುತ್ತದೆ. ಬದಲಿಗೆ ಒಂದೇ ಅಪ್‌ಡೇಟ್ ಕ್ವೆರಿ ಬರೆಯಿರಿ: ಉಳಿದದ್ದರಿಂದ ಇಷ್ಟು ಕಳೆ, ಆದರೆ ಉಳಿದದ್ದು ಇಷ್ಟಾದರೂ ಇದ್ದರೆ ಮಾತ್ರ. ಎಷ್ಟು ಸಾಲು ಬದಲಾಯಿತು ಅಂತ ಅದು ಹೇಳುತ್ತದೆ. ಸೊನ್ನೆ ಬಂದರೆ ಮಾಲು ಸಾಲದು, 409 (ಕೇಳಿದ್ದು ಈಗಿನ ಸ್ಥಿತಿಗೆ ಹೊಂದುವುದಿಲ್ಲ ಅನ್ನುವ ಎಚ್‌ಟಿಟಿಪಿ ಉತ್ತರ ಸಂಖ್ಯೆ) ಕಳಿಸಿ.

ಕಂಟ್ರೋಲರ್ ತೆಳ್ಳಗಿರಲಿ. ಹೊಸ ಚೀಟಿಗೆ 201, ತಪ್ಪು ಡೇಟಾಗೆ 400, ಇಲ್ಲದ ಚೀಟಿ ಕೇಳಿದರೆ 404.

ಈಗ ನನ್ನನ್ನು ತುಂಬಾ ಕಾಡಿದ ವಿಷಯ. ಮೊದಲ ಸಲ ನಾನು ಇಂಥದ್ದನ್ನು ಒಂದು ಮಂಡಿಗೆ ಮಾಡಿಕೊಟ್ಟಾಗ ಎರಡನೇ ದಿನವೇ ಕೆಲವು ಚೀಟಿಗಳು ಎರಡೆರಡು ಸಲ ಬಂದಿದ್ದವು. ಯಾರ್ಡ್‌ನಲ್ಲಿ ಜನ ಜಾಸ್ತಿಯಾದಾಗ ನೆಟ್‌ವರ್ಕ್ ಬಿದ್ದುಹೋಗುತ್ತಿತ್ತು. ಫೋನಿನಿಂದ ಹೋದ ಚೀಟಿ ಸರ್ವರ್‌ಗೆ ತಲುಪಿ ಸೇವ್ ಆಗಿದೆ, ವಾಪಸ್ ಬರಬೇಕಾದ ಉತ್ತರ ಮಾತ್ರ ದಾರಿಯಲ್ಲಿ ಕಳೆದಿದೆ, ಗುಮಾಸ್ತರು ಹೋಗಿಲ್ಲ ಅಂದುಕೊಂಡು ಮತ್ತೆ ಒತ್ತಿದ್ದಾರೆ. ತಪ್ಪು ಅವರದಲ್ಲ, ನನ್ನ ಎಪಿಐನದು. ಪರಿಹಾರ ಹೀಗೆ: ಚೀಟಿ ತುಂಬಲು ಶುರು ಮಾಡಿದಾಗಲೇ ಫೋನ್ ಒಂದು ಯುಯುಐಡಿ (ಇನ್ನೊಂದಕ್ಕೆ ಬರದಂಥ ಗುರುತಿನ ಸಂಖ್ಯೆ) ಮಾಡಿಕೊಳ್ಳಬೇಕು, ಎಷ್ಟು ಸಲ ಕಳಿಸಿದರೂ ಅದನ್ನೇ ಕಳಿಸಬೇಕು. ಚೀಟಿ ಟೇಬಲಿನಲ್ಲಿ ಅದಕ್ಕೊಂದು ಕಾಲಂ, ಅದರ ಮೇಲೆ ಯುನೀಕ್ ಕನ್‌ಸ್ಟ್ರೇಂಟ್. ಎರಡನೇ ಸಲ ಬಂದಾಗ ಡೇಟಾಬೇಸ್ ಬೇಡ ಅನ್ನುತ್ತದೆ, ಸ್ಪ್ರಿಂಗ್ ಅದನ್ನು ಡೇಟಾ ಇಂಟೆಗ್ರಿಟಿ ವಯೊಲೇಶನ್ ಎಕ್ಸೆಪ್ಶನ್ ಆಗಿ ಎಸೆಯುತ್ತದೆ. ಅದನ್ನು ಟ್ರಾನ್ಸಾಕ್ಷನ್ ಹೊರಗೆ, ಅಂದರೆ ಸರ್ವಿಸ್ ಮೆಥಡ್ ಕರೆದ ಕಡೆ ಹಿಡಿಯಿರಿ. ಒಳಗೇ ಹಿಡಿದರೆ ಪೋಸ್ಟ್‌ಗ್ರೆಸ್ ಆ ಟ್ರಾನ್ಸಾಕ್ಷನ್‌ನಲ್ಲಿ ಮುಂದೆ ಏನೂ ಓದಲು ಬಿಡುವುದಿಲ್ಲ. ಹಿಡಿದಮೇಲೆ ಆ ಯುಯುಐಡಿ ಇರುವ ಚೀಟಿಯನ್ನು ಹುಡುಕಿ, ಸಿಕ್ಕಿದರೆ 200 ಜೊತೆ ಅದನ್ನೇ ಕೊಡಿ. ಸಿಗದಿದ್ದರೆ ತೊಂದರೆ ಬೇರೆ ಕಡೆ ಇದೆ, ಎಕ್ಸೆಪ್ಶನ್ ಮೇಲಕ್ಕೆ ಬಿಡಿ.

ಆದರೆ ಆ ಯುಯುಐಡಿಯನ್ನೇ @ಐಡಿ (ಸಾಲನ್ನು ಗುರುತಿಸುವ ಮುಖ್ಯ ಕೀ) ಮಾಡಬೇಡಿ. ಐಡಿ ಮೊದಲೇ ತುಂಬಿದ್ದರೆ ಸೇವ್ ಅದನ್ನು ಹಳೆಯ ಸಾಲು ಅಂತ ತಿಳಿದು, ಇದ್ದ ಚೀಟಿಯ ಮೇಲೇ ಬರೆದುಬಿಡಬಹುದು. ಐಡಿ ಡೇಟಾಬೇಸೇ ಕೊಡಲಿ.

ಪಟ್ಟಿ ಕೊಡುವಾಗ ಪುಟ ಪುಟವಾಗಿ ಕೊಡಲು ಪೇಜಬಲ್ ಬಳಸಿ, ಸೀಸನ್‌ನ ಎಲ್ಲಾ ಚೀಟಿ ಒಂದೇ ಸಲ ಕಳಿಸಬೇಡಿ. ಪ್ರತಿ ಚೀಟಿಗೂ ರೈತರ ಹೆಸರು ತರಲು ಒಂದೊಂದು ಕ್ವೆರಿ ಹೋಗುತ್ತಿದೆಯಾ ಅಂತ ಹೈಬರ್ನೇಟ್ ಲಾಗ್ ಆನ್ ಮಾಡಿ ನೋಡಿ, ಹೋಗುತ್ತಿದ್ದರೆ ಎಂಟಿಟಿ ಗ್ರಾಫ್ ಹಾಕಿ ಒಂದೇ ಜಾಯಿನ್‌ನಲ್ಲಿ ತರಿಸಿ.

ಟೆಸ್ಟ್ ಬರೆಯಲು ಎಚ್2 (ಮೆಮೊರಿಯಲ್ಲೇ ಓಡುವ ಚಿಕ್ಕ ಡೇಟಾಬೇಸ್) ಬದಲು, ಡಾಕರ್‌ನಲ್ಲಿ ತಾತ್ಕಾಲಿಕ ಡೇಟಾಬೇಸ್ ಓಡಿಸುವ ಟೆಸ್ಟ್‌ಕಂಟೈನರ್ಸ್‌ನಲ್ಲಿ ನಿಜವಾದ ಪೋಸ್ಟ್‌ಗ್ರೆಸ್ ಎಬ್ಬಿಸಿ, ಇಷ್ಟು ಹೊತ್ತು ಹಾಕಿದ ಕನ್‌ಸ್ಟ್ರೇಂಟ್‌ಗಳು ಅಲ್ಲಿಯೇ ಪರೀಕ್ಷೆಯಾಗಬೇಕು. ಆಮೇಲೆ 8080 ಪೋರ್ಟ್‌ನಲ್ಲಿ ಆ್ಯಪ್ ಓಡಿಸಿ, ಕರ್ಲ್‌ನಿಂದ (ಟರ್ಮಿನಲ್‌ನಿಂದ ವಿನಂತಿ ಕಳಿಸುವ ಟೂಲ್) ಒಂದೇ ಚೀಟಿಯನ್ನು ಒಂದೇ ಯುಯುಐಡಿ ಜೊತೆ ಎರಡು ಸಲ ಕಳಿಸಿ. ಮೊದಲನೆಯದಕ್ಕೆ 201, ಎರಡನೆಯದಕ್ಕೆ 200, ಟೇಬಲಿನಲ್ಲಿ ಸಾಲು ಒಂದೇ, ಲಾಟ್‌ನಲ್ಲಿ ಬಾಕ್ಸ್ ಒಂದೇ ಸಲ ಕಡಿಮೆಯಾಗಿದೆ. ಇಷ್ಟು ಕಂಡ ಮೇಲೆ ಮಂಡಿಗೆ ಕೊಡಿ.